ಅಳಿಸಲು ಮರೆತ ಹೆಸರು

1982ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಎಂಬ ಕಂಪನಿ ಏಸ್ 100 ಅನ್ನೋ ಕಂಪ್ಯೂಟರ್ ಮಾರುತ್ತಿತ್ತು. ಆಪಲ್ 2ಕ್ಕೆ ಬರೆದ ಪ್ರೋಗ್ರಾಮ್‌ಗಳು ಅದರಲ್ಲೂ ಓಡುತ್ತಿದ್ದವು. ಆಪಲ್‌ನವರು ಒಳಹೊಕ್ಕು ನೋಡಿದರೆ ತಮ್ಮದೇ ಪ್ರೋಗ್ರಾಮರ್ ಜೇಮ್ಸ್ ಹಸ್ಟನ್ ಹೆಸರು ಅಲ್ಲಿ ಕೂತಿತ್ತು! 'ಆಪಲ್‌ಸಾಫ್ಟ್' ಎಂಬ ಪದವೂ ಇತ್ತು. ಕಳುವಾದ ಎಮ್ಮೆಯ ಕೊಂಬಿನ ಮೇಲೆ ಒಡೆಯನ ಗುರುತು ಹಾಗೇ ಉಳಿದಂತೆ.

ಫ್ರಾಂಕ್ಲಿನ್ ನಕಲನ್ನು ಅಲ್ಲಗಳೆಯಲಿಲ್ಲ. ಅದರ ವಾದವೇ ಬೇರೆ: ಕಾಪಿರೈಟ್ ಇರುವುದು ಮನುಷ್ಯರು ಓದುವ ಬರಹಕ್ಕೆ, ಚಿಪ್‌ನೊಳಗಿನ ಸೊನ್ನೆ-ಒಂದುಗಳನ್ನು ಓದುವುದು ಯಂತ್ರ ತಾನೇ? ಕೆಳಗಿನ ಕೋರ್ಟಿಗೂ ಅನುಮಾನ ಬಂದು ತಡೆಯಾಜ್ಞೆ ಕೊಡಲಿಲ್ಲ. 1983ರ ಆಗಸ್ಟ್ 30ರಂದು ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಯಂತ್ರ ಓದುವ ಪ್ರೋಗ್ರಾಮಿಗೂ ರಕ್ಷಣೆ ಉಂಟು ಎಂದಿತು.

ಆಗ ಅಲ್ಲಿ ಸುತ್ತು ಹಾಕಿದ ಸಿ, ವರ್ಷ, ಹೆಸರು ನಮೂದಿಸದಿದ್ದರೆ ಹಕ್ಕೇ ಕೈತಪ್ಪುವ ಭಯವಿತ್ತು. 1989ರ ಮಾರ್ಚ್ 1ರಿಂದ ಅದು ಕಡ್ಡಾಯವಲ್ಲ. ನಮ್ಮಲ್ಲಿ 1984ರ ತಿದ್ದುಪಡಿ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಬರೆದ ಕೂಡಲೇ ಹಕ್ಕು, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೀವು ಹಾಲಿನ ಡೈರಿಗೆ ಲೆಕ್ಕದ ಆ್ಯಪ್ ಬರೆದರೆ ಕೋಡ್ ಒಳಗೇ ಹೆಸರು, ವರ್ಷ ಹಾಕಿಡಿ. ನೌಕರಿಯ ಭಾಗವಾಗಿ ಬರೆದದ್ದಾದರೆ ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಹಕ್ಕು ಕೆಲಸ ಕೊಟ್ಟವರದ್ದು.