ದಕ್ಷಿಣ ಭಾರತ ಸಭೆಯ ಆಡಳಿತ ವ್ಯವಸ್ಥೆ

ವ್ಯಾಕರಣ ಓದಿದವನಿಗೆ ಮೊದಲು ಕಣ್ಣಿಗೆ ಬೀಳುವುದು ವಿಭಕ್ತಿ. ಸಿ.ಎಸ್.ಐ. ಎಂದು ಹೆಸರಾದ ದಕ್ಷಿಣ ಭಾರತ ಸಭೆಯ ಬಿಷಪ್ಪರ ಇಂಗ್ಲಿಷ್ ಬಿರುದನ್ನು ಕನ್ನಡಿಸಿದರೆ ‘ಮೈಸೂರಿನ ಬಿಷಪ್’ ಎಂದಾಗದು, ‘ಮೈಸೂರಿನಲ್ಲಿ ಬಿಷಪ್’ ಎಂದಾಗುತ್ತದೆ. ಷಷ್ಠಿಯಲ್ಲಿ ಒಡೆತನದ ಛಾಯೆಯುಂಟು, ಸಪ್ತಮಿಯಲ್ಲಿ ಇರುವಿಕೆಯಷ್ಟೆ. ಅಧಿಕಾರವನ್ನು ಹೀಗೆ ಹದಗೊಳಿಸಲು 28 ವರ್ಷಗಳ ಚರ್ಚೆ ಬೇಕಾಯಿತು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನು ಒಳಗೊಂಡ ಮೈಸೂರು ಸಂಸ್ಥಾನದಲ್ಲಿ ಪ್ರಾಟೆಸ್ಟೆಂಟ್ ಕ್ರೈಸ್ತರು ಒಂದೇ ಮನೆಯವರಾಗಿರಲಿಲ್ಲ. ಆಂಗ್ಲಿಕನ್ನರಿಗೆ ಬಿಷಪ್ ಇದ್ದರು, ವೆಸ್ಲಿಯನ್ನರಿಗೆ ಇರಲಿಲ್ಲ. ಆದರೆ ಮೈಸೂರಿನಲ್ಲಿ 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಹೊರಡಿಸಿದವರೂ, 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದವರೂ ವೆಸ್ಲಿಯನ್ ಮಿಷನ್ನಿನವರೇ.

1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳು ಐಕ್ಯದ ಮಾತೆತ್ತಿದರು. ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯನವರು ಅವರಲ್ಲಿ ಮುಂದಾಳು. ತೊಡಕು ಹುಟ್ಟಿದ್ದು ದೀಕ್ಷೆಯ ವಿಷಯದಲ್ಲಿ. ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದವನು ಪಾದ್ರಿಯಲ್ಲವೆಂದರೆ, ಇಷ್ಟುಕಾಲ ವೆಸ್ಲಿಯನ್ ಪಾದ್ರಿಗಳು ನಡೆಸಿದ ಸಂಸ್ಕಾರಗಳು ಸಿಂಧುವಲ್ಲವೇ? ಇದು ಮಾನದ ಪ್ರಶ್ನೆ. ಭಕ್ತಿಯ ಪ್ರಶ್ನೆಯೂ ಹೌದು.

ಕಡೆಗೆ ಕಂಡ ದಾರಿ ಸರಳವಾದುದು. ಹಳೆಯ ಪಾದ್ರಿಗಳಿಗೆ ಮರುದೀಕ್ಷೆ ಬೇಡ. ಮುಂದಿನವರಿಗೆಲ್ಲ ಬಿಷಪ್ಪರೇ ದೀಕ್ಷೆ ಕೊಡಲಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲಿನಲ್ಲಿ ಐಕ್ಯ ನೆರವೇರಿತು. ಅಜರಯ್ಯನವರು ಅದನ್ನು ಕಾಣಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ಅಂದು ಅಭಿಷಿಕ್ತರಾದ ಹೊಸ ಬಿಷಪ್ಪರಲ್ಲಿ ಮೈಸೂರು ಪ್ರಾಂತದ ಪಿ. ಗುರುಶಾಂತ ಅವರೂ ಒಬ್ಬರು. ಅವರು ಬಂದದ್ದು ಬಿಷಪ್ಪರೇ ಇಲ್ಲದಿದ್ದ ಮೆಥಡಿಸ್ಟ್ ಪರಂಪರೆಯಿಂದ!

ಸಭೆಯ ಕಟ್ಟಡವೂ ಹಾಗೆಯೇ ಬೆರೆತದ್ದು. ಊರ ಸಭೆಗೆ ಸಭಾಪಾಲಕ. ಅವರೊಡನೆ ಸಭಿಕರ ಸಮಿತಿ. ಹಲವು ಊರುಗಳಿಗೆ ಸಭಾಪ್ರಾಂತ, ಅದಕ್ಕೆ ಬಿಷಪ್. ಎಲ್ಲಕ್ಕೂ ಮೇಲೆ ಸಿನೊಡ್. ಅಲ್ಲಿ ಬಿಷಪ್ಪರು, ಪಾದ್ರಿಗಳು, ಗೃಹಸ್ಥರು ಒಟ್ಟಿಗೆ ಕೂರುತ್ತಾರೆ. ಬಿಷಪ್ಪರಲ್ಲೊಬ್ಬರನ್ನು ನಿಯತಕಾಲಕ್ಕೆ ಮಾಡರೇಟರ್ ಎಂದು ಚುನಾಯಿಸುತ್ತಾರೆ. ಮೊದಲ ಮಾಡರೇಟರ್ ಮೈಕೇಲ್ ಹಾಲಿಸ್.

1948ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ನೆರೆದ ಆಂಗ್ಲಿಕನ್ ಬಿಷಪ್ಪರು ಈ ಹೊಸ ಸಭೆಯೊಡನೆ ಪೂರ್ಣ ಬಾಂಧವ್ಯಕ್ಕೆ ಒಪ್ಪಲಿಲ್ಲ. ಕಾಲ ಮಾಗಿತು, ಇಂದು ಅದು ಜಾಗತಿಕ ಆಂಗ್ಲಿಕನ್ ಬಳಗದ ಅಂಗ. ಹಳೆಯ ಮೈಸೂರು ಪ್ರಾಂತವೂ ಮುಂದೆ ವಿಭಾಗವಾಯಿತು. ನಮ್ಮ ನಾಲ್ಕು ತಾಲ್ಲೂಕುಗಳಿರುವ ಮೈಸೂರು ಸೀಮೆ ಈಗ ಮಂಗಳೂರಿನಲ್ಲಿ ಕೇಂದ್ರವುಳ್ಳ ದಕ್ಷಿಣ ಕರ್ನಾಟಕ ಸಭಾಪ್ರಾಂತಕ್ಕೆ ಸೇರಿದೆ. ಎಲ್ಲೆಗಳು ಬದಲಾದುವು, ಹಿರಿಯತನವೆಂದರೆ ಒಡೆತನವಲ್ಲ, ಜನರ ನಡುವೆ ಇರುವುದು ಎಂಬ ಸಪ್ತಮಿಯ ಪಾಠ ಮಾತ್ರ ಉಳಿದಿದೆ.