ಹಾಸಿಗೆ ಅಳೆದು ತೆಗೆದ ಸಿನಿಮಾಗಳು

ಸಿನಿಮಾ ಮಾಡಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ದುಡ್ಡು ಬೇಕು?’ ಎಂಬುದು. ಸಹಜವಾದ ಪ್ರಶ್ನೆಯೇ. ಆದರೆ ಕಡಿಮೆ ಖರ್ಚಿನಲ್ಲಿ ತಯಾರಾಗಿ, ಕಾಲ ಕಳೆದ ಮೇಲೂ ಉಳಿದುಕೊಂಡ ನಮ್ಮ ದೇಶದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಅವುಗಳ ಹಿಂದೆ ಬೇರೆ ಎರಡು ಪ್ರಶ್ನೆಗಳು ಕಾಣಿಸುತ್ತವೆ. ಯಾವುದನ್ನು ಬಿಟ್ಟರೂ ಈ ಕತೆ ನಿಲ್ಲುತ್ತದೆ? ದುಡ್ಡು ಯಾರದು? ಈ ಎರಡಕ್ಕೂ ಉತ್ತರ ಕಂಡುಕೊಂಡ ಮೇಲೆಯೇ ‘ಎಷ್ಟು’ ಎಂಬುದರ ಲೆಕ್ಕ ಶುರುವಾಗುತ್ತದೆ.

ಹಳೆಯ ಕಾಲದ ಲೆಕ್ಕವನ್ನೇ ಮೊದಲು ನೋಡೋಣ. 35 ಎಂಎಂ ಫಿಲ್ಮು ಕ್ಯಾಮೆರಾದೊಳಗೆ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡು ಗಂಟೆಯ ಚಿತ್ರಕ್ಕೆ 10,800 ಅಡಿ ಬೇಕು. ಪ್ರತಿ ದೃಶ್ಯವನ್ನು ಸರಾಸರಿ ನಾಲ್ಕು ಸಲ ತೆಗೆದರೆ 43,200 ಅಡಿ. ಕಚ್ಚಾ ಫಿಲ್ಮಿಗೆ ದುಡ್ಡು, ಅದನ್ನು ಲ್ಯಾಬಿನಲ್ಲಿ ತೊಳೆಸಲು ದುಡ್ಡು, ಪ್ರಿಂಟು ಹಾಕಿಸಲು ದುಡ್ಡು. ನಟನೊಬ್ಬ ಮಾತು ಮರೆತರೆ ಆ ಮರೆವಿಗೂ ಅಡಿಗಳ ಲೆಕ್ಕದಲ್ಲಿ ಬೆಲೆ ಕಟ್ಟಬೇಕಿತ್ತು. ಹಾಗಾಗಿ ಕೈಯಲ್ಲಿ ಕಾಸಿಲ್ಲದ ನಿರ್ದೇಶಕ ಕಾಗದದ ಮೇಲೆ ಹೆಚ್ಚು ಕೆಲಸ ಮಾಡಿ, ಕ್ಯಾಮೆರಾ ಮುಂದೆ ಕಡಿಮೆ ತಪ್ಪುವ ದಾರಿ ಹುಡುಕಿಕೊಳ್ಳಬೇಕಾಗುತ್ತಿತ್ತು.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಕತೆ ಎಲ್ಲರಿಗೂ ಗೊತ್ತಿದೆ ಎನ್ನುತ್ತೇವೆ. ಆದರೆ ಅದನ್ನು ಛಲದ ಕತೆಯೆಂದು ಹೇಳಿ ಮುಗಿಸಿಬಿಡುತ್ತೇವೆ. ಅದರೊಳಗಿನ ಲೆಕ್ಕವನ್ನು ನೋಡುವುದು ಕಡಿಮೆ. ಜಾಹೀರಾತು ಕಂಪನಿಯಲ್ಲಿ ನೌಕರಿಯಲ್ಲಿದ್ದ ರಾಯ್ 1952ರ ಅಕ್ಟೋಬರ್‌ನಲ್ಲಿ, ರಜೆಯ ದಿನ ನೋಡಿಕೊಂಡು ಚಿತ್ರೀಕರಣ ಶುರುಮಾಡಿದರು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಬಿಳಿಯ ಕಾಶ್ ಹೂಗಳು ತುಂಬಿದ ಬಯಲಿನಲ್ಲಿ ಒಂದು ದಿನದ ಕೆಲಸವಾಯಿತು. ವಾರ ಬಿಟ್ಟು ಹೋದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು. ಆ ದೃಶ್ಯ ಪೂರ್ತಿಯಾಗಲು ಮುಂದಿನ ವರ್ಷದ ಹೂವಿಗಾಗಿ ಕಾಯಬೇಕಾಯಿತು. ರಾಯ್ ವಿಮಾ ಪಾಲಿಸಿಯನ್ನು ಒತ್ತೆಯಿಟ್ಟರು, ಹೆಂಡತಿಯ ಒಡವೆ ಅಡವು ಹೋಯಿತು, ಆದರೂ ಕೆಲಸ ತಿಂಗಳುಗಟ್ಟಲೆ ನಿಂತಿತು. ಆ ನಡುವೆ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ಬೆಳೆದುಬಿಡಲಿಲ್ಲ, ಎಂಬತ್ತರ ಆಸುಪಾಸಿನ ಚುನಿಬಾಲಾ ದೇವಿ ಬದುಕಿದ್ದರು. ಇದನ್ನು ಪವಾಡವೆಂದೇ ರಾಯ್ ಮುಂದೆ ನೆನಪಿಸಿಕೊಂಡರು. ಪವಾಡವನ್ನು ನಂಬಿ ಬಜೆಟ್ ಹಾಕಲಾಗುವುದಿಲ್ಲ. ಬಿಡಿಬಿಡಿಯಾಗಿ ಬರುವ ದುಡ್ಡಿನಲ್ಲಿ ಚಿತ್ರ ಮಾಡುವವರು ಮಕ್ಕಳು, ಮುದುಕರು, ಬೆಳೆ, ಹೂವು ಇರುವ ದೃಶ್ಯಗಳನ್ನು ಮೊದಲು ಮುಗಿಸಿಕೊಳ್ಳಬೇಕು. ಗೋಡೆ ಕಾಯುತ್ತದೆ, ಮಗು ಕಾಯುವುದಿಲ್ಲ.

ಕಡೆಗೆ ಪಶ್ಚಿಮ ಬಂಗಾಳ ಸರ್ಕಾರ ದುಡ್ಡು ಕೊಟ್ಟಿತು. ಹೆಸರಿನಲ್ಲಿ ‘ಪಥ’ ಇದ್ದುದರಿಂದ ಕಡತದಲ್ಲಿ ಅದು ರಸ್ತೆ ಅಭಿವೃದ್ಧಿಯ ಲೆಕ್ಕಕ್ಕೆ ಹೋಯಿತು ಎಂಬ ಮಾತನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ನಗುವಿನಾಚೆಗಿನ ಸಂಗತಿ ಇನ್ನೊಂದಿದೆ: ಚಿತ್ರದ ಹಕ್ಕು ಸರ್ಕಾರದ್ದಾಯಿತು. 1955ರಲ್ಲಿ ತೆರೆಕಂಡ ಚಿತ್ರ ದೇಶವಿದೇಶಗಳಲ್ಲಿ ಓಡಿದಾಗ ಬಂದ ಗಳಿಕೆ ಅದನ್ನು ಮಾಡಿದವರ ಮನೆಗೆ ಹೋಗಲಿಲ್ಲ.

ಕನ್ನಡದಲ್ಲಿ ಈ ಬಗೆಯ ಸಿನಿಮಾದ ಮೊದಲ ದೊಡ್ಡ ಹೆಜ್ಜೆ 1970ರ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಚಿತ್ರ ಮಾಡಲು ಹೊರಟ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಅದಾಗಲೇ ತೆಲುಗು ಚಿತ್ರಗಳ ನಿರ್ಮಾಣದ ಅನುಭವ ಇದ್ದವರು. ಆದರೆ ಈ ಚಿತ್ರಕ್ಕೆ ಅವರು ಆ ಉದ್ಯಮದ ರೀತಿಯನ್ನು ತರಲಿಲ್ಲ. ತಾರೆಯರು ಬೇಡ, ಸೆಟ್ ಬೇಡ, ಹಾಡು ಕುಣಿತ ಬೇಡ ಎಂದಾಯಿತು. ಶೃಂಗೇರಿಯ ಬಳಿಯ ವೈಕುಂಠಪುರದ ಬೀದಿ ಮನೆಗಳೇ ಅಗ್ರಹಾರವಾದವು. ಚಿತ್ರಕತೆ ಬರೆದ ಗಿರೀಶ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು, ಪಿ. ಲಂಕೇಶ್ ನಾರಣಪ್ಪನಾದರು. ಸಂಗೀತ ಸರೋದ್ ವಾದಕ ರಾಜೀವ್ ತಾರಾನಾಥರದು, ಕಲೆ ಎಸ್.ಜಿ. ವಾಸುದೇವ್ ಅವರದು, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಇವರಲ್ಲಿ ಹೆಚ್ಚಿನವರಿಗೆ ಅದು ಹೊಟ್ಟೆಪಾಡಿನ ಕಸುಬಲ್ಲ. ನಾಟಕ, ಸಾಹಿತ್ಯ, ಚಿತ್ರಕಲೆ, ಸಂಗೀತಗಳಲ್ಲಿ ಮೊದಲೇ ಪಳಗಿದ ಗೆಳೆಯರು ಒಟ್ಟು ಸೇರಿದ್ದರು. ‘ಸಂಸ್ಕಾರ’ದ ನಿಜವಾದ ಬಂಡವಾಳ ಆ ಗೆಳೆತನವೇ. ಅಂಥ ಬಂಡವಾಳ ಚಿತ್ರ ಮಾಡುವ ವರ್ಷದಲ್ಲಿ ಹುಟ್ಟುವುದಿಲ್ಲ, ಅದಕ್ಕೆ ಮುಂಚೆ ಎಷ್ಟೋ ಸಂಜೆಗಳು ಕೂಡಿ ಕಳೆದಿರಬೇಕು.

ಆದರೆ ಚಿತ್ರ ಮುಗಿದ ಮೇಲೆ ಬಂದ ಕಷ್ಟಕ್ಕೆ ಗೆಳೆತನ ಸಾಲಲಿಲ್ಲ. ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ದಿಲ್ಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದವರೆಗೆ ಹೋಗಿ ಚಿತ್ರವನ್ನು ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿ ಸ್ವರ್ಣಪದಕ ಬಂತು, ಕನ್ನಡಕ್ಕೆ ಮೊದಲನೆಯದು. ದೊಡ್ಡ ನಿರ್ಮಾಪಕ ಒಂದು ಚಿತ್ರ ಡಬ್ಬಿಯಲ್ಲಿ ಕೂತರೆ ಇನ್ನೊಂದರಿಂದ ಬಡ್ಡಿ ಕಟ್ಟುತ್ತಾನೆ. ಒಂದೇ ಚಿತ್ರವನ್ನು ನಂಬಿದವನಿಗೆ ಕಾಯುವ ಪ್ರತಿ ತಿಂಗಳೂ ಸಾಲವೇ.

ಏಳು ವರ್ಷಗಳ ನಂತರ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದ ಗಿರೀಶ ಕಾಸರವಳ್ಳಿ ತಮ್ಮ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ವನ್ನು (1977) ಕಪ್ಪುಬಿಳುಪಿನಲ್ಲಿ ತೆಗೆದರು. ಸದಾನಂದ ಸುವರ್ಣ ನಿರ್ಮಾಪಕರು, ಎಸ್. ರಾಮಚಂದ್ರ ಛಾಯಾಗ್ರಾಹಕರು. ಇದೂ ಅನಂತಮೂರ್ತಿಯವರ ಕತೆಯೇ. ವೇದಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿ, ಬಸುರಾದ ಯುವ ವಿಧವೆ ಯಮುನಾ, ಅವಳನ್ನು ಹೊರಹಾಕುವ ಅಗ್ರಹಾರ. ಇಡೀ ಊರಿನ ಕ್ರೌರ್ಯವನ್ನು ತೋರಿಸಲು ಇಡೀ ಊರು ಬೇಕಿಲ್ಲ ಎಂಬುದು ಈ ಚಿತ್ರ ಕಂಡುಕೊಂಡ ಸತ್ಯ. ಹುಡುಗನ ಕಣ್ಣಿಗೆ ಬಿದ್ದದ್ದು, ಅವನಿಗೆ ಅರ್ಧ ಅರ್ಥವಾದದ್ದು ಸಾಕು. ಉಳಿದದ್ದನ್ನು ನಾವು ತುಂಬಿಕೊಳ್ಳುತ್ತೇವೆ. ದೃಷ್ಟಿಕೋನವನ್ನು ಹೀಗೆ ಕಿರಿದು ಮಾಡಿಕೊಂಡಾಗ ಖರ್ಚೂ ಕಿರಿದಾಗುತ್ತದೆ, ಆದರೆ ಬಡತನ ಮುಚ್ಚಿಕೊಳ್ಳಲು ಹೂಡಿದ ಉಪಾಯದಂತೆ ಅದು ಕಾಣುವುದಿಲ್ಲ. ಸ್ವರ್ಣಕಮಲ ಪಡೆದ ಆ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಇನ್ನು ದುಡ್ಡು ಯಾರದು ಎಂಬ ಪ್ರಶ್ನೆ. 1976ರಲ್ಲಿ ಶ್ಯಾಮ್ ಬೆನಗಲ್ ‘ಮಂಥನ್’ ತೆಗೆದಾಗ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷವಾಯಿತು. ಬಿಡುಗಡೆಯಾದಾಗ ಹಳ್ಳಿಗಳಿಂದ ಜನ ಲಾರಿ ಹತ್ತಿ ತಮ್ಮ ಸಿನಿಮಾ ನೋಡಲು ಬಂದರು. 2 ರೂಪಾಯಿ ಕೊಟ್ಟವನು ಬಂಡವಾಳಗಾರನೂ ಹೌದು, ಮೊದಲ ಪ್ರೇಕ್ಷಕನೂ ಹೌದು. ಆದರೆ ಇದು ಬರಿಯ ಚಂದಾ ಎತ್ತಿದ ಕತೆಯಲ್ಲ ಎಂಬುದನ್ನು ಮರೆಯಬಾರದು. ಹಾಲಿನ ಸಹಕಾರ ಸಂಘಗಳ ಜಾಲ ಅಲ್ಲಿ ಮೊದಲೇ ಇತ್ತು. ಪ್ರತಿದಿನ ಹಾಲು ಅಳೆದು ಲೆಕ್ಕ ಇಡುತ್ತಿದ್ದ ಸಂಘಗಳಿಗೆ ಆ 2 ರೂಪಾಯಿ ಕೂಡಿಸುವುದು ಕಷ್ಟವಾಗಲಿಲ್ಲ.

ಅದೇ ದಾರಿಯ ಇನ್ನೊಂದು ರೂಪ ಕನ್ನಡದಲ್ಲಿ 2013ರ ‘ಲೂಸಿಯಾ’. ನಿರ್ಮಾಪಕರು ಸಿಗದೆ ಪವನ್ ಕುಮಾರ್ ಅಂತರ್ಜಾಲದಲ್ಲಿ ನೇರವಾಗಿ ಓದುಗರನ್ನು ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. ಹಾಲಿನ ಸಂಘದ ಜಾಗದಲ್ಲಿ ಇಲ್ಲಿ ಕಂಪ್ಯೂಟರ್ ಮುಂದೆ ಕೂತ ಕನ್ನಡಿಗರಿದ್ದರು. ಚಿತ್ರ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು ನಂತರ ಇಲ್ಲಿ ಬಿಡುಗಡೆಯಾಯಿತು. ಅದರ ನಂತರ ಎಷ್ಟೋ ಜನ ಹಾಗೇ ಕೈಚಾಚಿದರು. ಓದುಗರನ್ನೋ ನೋಡುಗರನ್ನೋ ಮೊದಲು ಸಂಪಾದಿಸಿಕೊಳ್ಳದೆ ದುಡ್ಡು ಕೇಳುವುದು ಉಳದೆ ಬಿತ್ತಿದ ಹಾಗೆ.

ಫಿಲ್ಮು ಹೋಗಿ ಡಿಜಿಟಲ್ ಬಂದ ಮೇಲೆ ಅಡಿಗಳ ಲೆಕ್ಕ ಮುಗಿಯಿತು. ಎಷ್ಟು ಸಲ ತೆಗೆದರೂ ರೀಲು ಖರ್ಚಾಗುವುದಿಲ್ಲ. ಇದರಿಂದ ತೆರೆದುಕೊಂಡ ಒಂದು ದಾರಿ ಎಂದರೆ ನಟನೆ ಗೊತ್ತಿಲ್ಲದವರನ್ನು ತಾಳ್ಮೆಯಿಂದ ಚಿತ್ರಿಸುವುದು. ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯ ಜನರನ್ನೇ ಪಾತ್ರಗಳಾಗಿಸಿಕೊಂಡಿತು. ಆ ಹಳ್ಳಿಯನ್ನು ಒಳಗಿನಿಂದ ಬಲ್ಲ ಈರೇಗೌಡ ಅವರು ಬರವಣಿಗೆಯಲ್ಲಿ ಜೊತೆಗಿದ್ದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂದವು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳದ ಕಡೆಯ ಯರೇಹಂಚಿನಾಳದಲ್ಲಿ ತಯಾರಾಗಿ 2022ರಲ್ಲಿ ಬುಸಾನ್‌ನಲ್ಲಿ ಪ್ರಶಸ್ತಿ ಪಡೆಯಿತು. ಆ ಊರಿನ ಮಾತಿನ ಲಯವನ್ನು ಪೇಟೆಯ ನಟರಿಂದ ಹೊರಡಿಸಲು ಎಷ್ಟು ದುಡ್ಡು ಸುರಿದರೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಊರಿನವರು ಬಿಟ್ಟಿಗೆ ಸಿಗುವವರಲ್ಲ. ಒಂದು ದಿನ ಕ್ಯಾಮೆರಾ ಮುಂದೆ ನಿಂತರೆ ಅವರ ಒಂದು ದಿನದ ಕೂಲಿ ಹೋಯಿತು, ಒಂದು ದಿನದ ಹೊಲದ ಕೆಲಸ ಹೋಯಿತು. ಸಣ್ಣ ಬಜೆಟ್ಟಿನ ಹೆಸರಿನಲ್ಲಿ ಎಲ್ಲರ ಶ್ರಮವನ್ನೂ ‘ಗೆಳೆತನ’ದ ಖಾತೆಗೆ ಬರೆದು, ಪ್ರಶಸ್ತಿಯನ್ನು ಮಾತ್ರ ಒಬ್ಬರ ಖಾತೆಗೆ ಬರೆಯುವ ರೂಢಿ ನಮ್ಮಲ್ಲಿದೆ. ಯಾರಿಗೆ ಎಷ್ಟು, ಚಿತ್ರ ಗಳಿಸಿದರೆ ಯಾರಿಗೆ ಯಾವ ಪಾಲು ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಕಾಗದದ ಮೇಲೆ ಬರೆದು ಸಹಿ ಹಾಕಿಸುವುದು ಅಪನಂಬಿಕೆಯ ಗುರುತಲ್ಲ. ಗೆಳೆತನ ಸಿನಿಮಾಕ್ಕಿಂತ ಹೆಚ್ಚು ದಿನ ಬಾಳಬೇಕಾದರೆ ಅದು ಬೇಕು. ಊಟ, ಬಸ್ಸಿನ ಖರ್ಚು, ಕೂಲಿ, ಇವು ಬಜೆಟ್ಟಿನ ಮೊದಲ ಸಾಲುಗಳಾಗಬೇಕು.

ಉಳಿದ ಸಾಲುಗಳನ್ನೂ ಚರಿತ್ರೆಯೇ ಬರೆದುಕೊಡುತ್ತದೆ. ಜಾಗಗಳು ಕಡಿಮೆ ಇರಲಿ, ನಡೆದು ಹೋಗುವಷ್ಟು ಹತ್ತಿರ ಇರಲಿ. ರೀಲಿನ ಹೆದರಿಕೆ ಇಲ್ಲದಿದ್ದರೂ ಇರುವಂತೆಯೇ ತಾಲೀಮು ಮಾಡಿ. ಗಂಟೆಗಟ್ಟಲೆ ತೆಗೆದದ್ದನ್ನೆಲ್ಲ ಕೂತು ನೋಡಿ ಸಂಕಲಿಸುವವರ ದಿನಗಳಿಗೂ ಬೆಲೆಯಿದೆ. ಬೆಳಕಿಗೆ ಖರ್ಚು ಮಾಡುವ ಮುನ್ನ ಶಬ್ದಕ್ಕೆ ಮಾಡಿ. ಚಿತ್ರ ತುಸು ಮಂಕಾದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಕೊನೆಯ ಸಾಲು ಬಿಡುಗಡೆಯದು. ಚಿತ್ರ ತೆಗೆಯುವುದು ಇಂದು ಹಿಂದೆಂದಿಗಿಂತ ಅಗ್ಗ, ತೋರಿಸುವುದು ಅಗ್ಗವಾಗಿಲ್ಲ. ಪ್ರಚಾರಕ್ಕೂ ಥಿಯೇಟರಿಗೂ ದುಡ್ಡು ಬೇಕು. ಥಿಯೇಟರು ಸಿಕ್ಕರೂ ಮಧ್ಯಾಹ್ನದ ಒಂದು ಆಟ, ಶುಕ್ರವಾರ ಬಂದು ಸೋಮವಾರಕ್ಕೆ ಹೋಗುವ ಚಿತ್ರಗಳೇ ಹೆಚ್ಚು. ವಿದೇಶದಲ್ಲಿ ಪ್ರಶಸ್ತಿ ಪಡೆದ ಎಷ್ಟೋ ಕನ್ನಡ ಚಿತ್ರಗಳನ್ನು ಅವು ಹುಟ್ಟಿದ ಊರಿನವರು ಇನ್ನೂ ನೋಡಿಲ್ಲ. ಕೈಯಲ್ಲಿರುವುದು ಹತ್ತು ರೂಪಾಯಿಯಾದರೆ ಮೂರನ್ನಾದರೂ ತೋರಿಸುವ ಕೆಲಸಕ್ಕೆ ಎತ್ತಿಟ್ಟು, ಉಳಿದ ಏಳರಲ್ಲಿ ಕತೆ ಬರೆಯಿರಿ. ಏಳರಲ್ಲಿ ಹಿಡಿಸದಿದ್ದರೆ ಕತೆಯನ್ನು ಇನ್ನೊಮ್ಮೆ ಬರೆಯಿರಿ. ಆ ಕೆಲಸಕ್ಕೆ ಬೇಕಾದದ್ದು ಕಾಗದ, ಪೆನ್ನು, ಒಂದಷ್ಟು ಸಂಜೆಗಳು.