ಭಾರತದಲ್ಲಿ ಸಮತೋಲನ ಆಹಾರದ ಅಧ್ಯಯನ

ಭಾರತದಲ್ಲಿ ಆಹಾರದ ವೈಜ್ಞಾನಿಕ ಅಧ್ಯಯನ ಬೆರಿಬೆರಿ ರೋಗದ ಬೆನ್ನುಹತ್ತಿ ಆರಂಭವಾಯಿತು. 1918ರಲ್ಲಿ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ, ಪಾಸ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಈ ಕೆಲಸಕ್ಕೆ ತೊಡಗಿದರು. ಬೆರಿಬೆರಿ ಬರುವುದು ಬಿ1 ಜೀವಸತ್ವದ ಕೊರತೆಯಿಂದ. ಅಕ್ಕಿಯನ್ನು ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿದರೆ ತೌಡಿನ ಜೊತೆ ಆ ಜೀವಸತ್ವವೂ ಹೋಗುತ್ತದೆ. ಅಳಿದುಳಿದದ್ದರಲ್ಲಿ ಬಹುಪಾಲು ಅಕ್ಕಿ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹರಿದುಹೋಗುತ್ತದೆ. ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಯಲ್ಲಿ ಈ ನಷ್ಟ ಕಡಿಮೆ. ಭತ್ತವನ್ನು ಹೊಟ್ಟುಸಮೇತ ಬೇಯಿಸುವಾಗಲೇ ಜೀವಸತ್ವ ಕಾಳಿನ ಒಳಕ್ಕೆ ಇಳಿದಿರುತ್ತದೆ.

ಮುಂದೆ ಮೆಕ್‌ಕ್ಯಾರಿಸನ್ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನೇ ಇಲಿಗಳಿಗೆ ಉಣಿಸಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳಿದ್ದ ಸಿಖ್ಖರ ಊಟ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಬಿಳಿ ಅಕ್ಕಿಯೇ ತುಂಬಿದ್ದ ಮದ್ರಾಸಿನ ಊಟ ತಿಂದವು ಸೊರಗಿದವು. ಯಾವುದೋ ಒಂದು ಪದಾರ್ಥಕ್ಕಿಂತ ಇಡೀ ಊಟದ ಜೋಡಣೆ ಮುಖ್ಯ ಎಂಬುದು ಅಲ್ಲೇ ಸ್ಪಷ್ಟವಾಗಿತ್ತು. ಅದನ್ನು ಮನಗಾಣಲು ದೇಶಕ್ಕೆ ಬಹಳ ಕಾಲ ಹಿಡಿಯಿತು.

ಮೆಕ್‌ಕ್ಯಾರಿಸನ್ ನಂತರ ಪ್ರಯೋಗಾಲಯದ ನಿರ್ದೇಶಕರಾದ ಎಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಕೋಷ್ಟಕ ಹೊರತಂದರು. ರಾಗಿಯ ಹಿರಿಮೆ ಅಂಕಿಗಳಲ್ಲಿ ಕಾಣಿಸುವುದು ಇಂಥ ಕೋಷ್ಟಕಗಳಲ್ಲೇ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿತು.

ಸ್ವಾತಂತ್ರ್ಯಾನಂತರ ಎಲ್ಲರ ಗಮನ ಪ್ರೋಟೀನ್ ಕೊರತೆಯತ್ತ ಹೊರಳಿತು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆಹಿಟ್ಟು ಬೆರೆಸಿ ಅಗ್ಗದ ಪೌಷ್ಟಿಕ ಪುಡಿ ತಯಾರಿಸಿತು. ಎಮ್ಮೆ ಹಾಲಿನಿಂದ ಶಿಶು ಆಹಾರವನ್ನೂ ರೂಪಿಸಿತು. ಆದರೆ ಪೋಷಣಾ ತಜ್ಞ ಸಿ. ಗೋಪಾಲನ್ ಮತ್ತು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಈ ಗಮನವನ್ನೇ ಪ್ರಶ್ನಿಸಿದರು. ಮಕ್ಕಳಿಗೆ ಹೊಟ್ಟೆತುಂಬ ಊಟವೇ ಸಿಗದಿದ್ದರೆ ತಿಂದ ಪ್ರೋಟೀನ್ ಕೂಡ ಬರಿಯ ಶಕ್ತಿಯಾಗಿ ಉರಿದುಹೋಗುತ್ತದೆ. ಇನ್ನು ಪ್ರೋಟೀನಿನ ಗುಣಮಟ್ಟದ ಮಾತು: ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಬೇಳೆಯಲ್ಲಿ ಧಾರಾಳ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಮುದ್ದೆಯ ಜೊತೆಗಿನ ಹುರುಳಿ ಸಾರು, ಅವರೆಕಾಳಿನ ಹುಳಿ ಈ ಕೊರತೆಯನ್ನು ತುಂಬಿಕೊಡುತ್ತವೆ. ಸಾರು ತೀರ ನೀರಾಗಿರಬಾರದು, ಅಷ್ಟೆ.

ಇದೇ ಕಾಲದಲ್ಲಿ ಇತರ ಕೊರತೆಗಳತ್ತಲೂ ಗಮನ ಹರಿಯಿತು: ಗಳಗಂಡದ ವಿರುದ್ಧ ಅಯೋಡಿನ್ ಉಪ್ಪಿನ ಕಾರ್ಯಕ್ರಮ 1962ರಲ್ಲಿ, ಇರುಳುಗುರುಡು ತಡೆಯಲು ಎ ಜೀವಸತ್ವ ನೀಡುವ ಕಾರ್ಯಕ್ರಮ 1970ರಲ್ಲಿ ಬಂದವು.

ಈಗ ಕೊರತೆಯ ಜೊತೆ ಸಕ್ಕರೆ ಕಾಯಿಲೆ, ಬೊಜ್ಜುಗಳೂ ಸೇರಿವೆ. ಹೈದರಾಬಾದಿನ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇಡೀ ತಟ್ಟೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡಿದೆ. ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಇರಬೇಕು. ನಮ್ಮ ಊಟ ಸೋಲುವುದು ಮುಖ್ಯವಾಗಿ ಸೊಪ್ಪು-ತರಕಾರಿಯ ಲೆಕ್ಕದಲ್ಲಿ. ಅನ್ನದ ಜಾಗಕ್ಕೆ ಸಿರಿಧಾನ್ಯ ಬಂದರೂ, ತಟ್ಟೆಯಂಚಿನ ಒಂದು ಚಮಚ ಪಲ್ಯ ಹೆಚ್ಚದಿದ್ದರೆ ಈ ಕೊರತೆ ನೀಗದು. ಮೈಮುರಿದು ದುಡಿಯುವವರಿಗೆ ಧಾನ್ಯ 250 ಗ್ರಾಂಗಿಂತ ಹೆಚ್ಚು ಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಮತ್ತು ವೃದ್ಧರ ಅಗತ್ಯಗಳನ್ನು ಮಾರ್ಗಸೂಚಿ ಪ್ರತ್ಯೇಕವಾಗಿ ವಿವರಿಸಿದೆ.